ದೇವರಿಗೆ ಎಲ್ಲವೂ ತಿಳಿದಿರುವಾಗ ಇನ್ನೊಬ್ಬರು ನಮಗಾಗಿ ಏಕೆ ಪ್ರಾರ್ಥಿಸಬೇಕು?

ಪ್ರಶ್ನೆ: ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಕಾಯಿಲೆಯವರ ಹೆಸರುಗಳನ್ನು ಓದಿ ಪ್ರಾರ್ಥಿಸುತ್ತಾರೆ. ಬೇಡುವ ಮೊದಲೇ ನಮ್ಮ ಅಗತ್ಯ ದೇವರಿಗೆ ಗೊತ್ತಿದೆ ಎಂದ ಮೇಲೆ, ನನ್ನ ಕಷ್ಟವನ್ನು ಇತರರಲ್ಲಿ ಹೇಳಿಕೊಂಡು ಪ್ರಾರ್ಥನೆ ಮಾಡಿಸಿಕೊಳ್ಳುವುದೇಕೆ?

ಉತ್ತರ: ನೀವು ನೆನೆದ ಮಾತು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ 8ನೆಯ ವಚನದಲ್ಲಿದೆ. ಯೇಸು ಶಿಷ್ಯರಿಗೆ ಪ್ರಾರ್ಥನೆ ಕಲಿಸಲು ತೊಡಗುವುದು ಅದರ ಮುಂದಿನ ವಚನದಲ್ಲೇ. ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು 6ನೆಯ ವಚನದಲ್ಲಿ ಹೇಳಿದವರೇ, ಇಲ್ಲಿ ‘ನನ್ನ ತಂದೆಯೇ’ ಎನ್ನದೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಕರೆಯಲು ಕಲಿಸುತ್ತಾರೆ. ಬೇಡುವ ಆಹಾರವೂ ನಮಗೆ, ಕ್ಷಮೆಯೂ ನಮಗೆ. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕುಳಿತಿದ್ದರೂ ನೆರೆಯವರನ್ನು ಬಿಟ್ಟು ಆ ಪ್ರಾರ್ಥನೆ ಹೇಳಲು ಬರುವುದಿಲ್ಲ.

ಹಾಗಾದರೆ ಇನ್ನೊಬ್ಬರಿಗಾಗಿ ಪ್ರಾರ್ಥಿಸುವುದು ದೇವರಿಗೆ ಸುದ್ದಿ ಮುಟ್ಟಿಸುವ ಕೆಲಸವಲ್ಲ, ಭಾರಕ್ಕೆ ಹೆಗಲು ಕೊಡುವ ಕೆಲಸ. ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ. ಜನರ ಗುಂಪಿನಿಂದಾಗಿ ಒಳಗೆ ಹೋಗಲಾಗದೆ ಮಾಳಿಗೆಯನ್ನು ಬಿಚ್ಚಿ, ಹಾಸಿಗೆಸಹಿತ ಅವನನ್ನು ಕೆಳಗಿಳಿಸುತ್ತಾರೆ. ಯೇಸು ‘ಅವರ’ ನಂಬಿಕೆಯನ್ನು ನೋಡಿದರು ಎಂದು ಬಹುವಚನದಲ್ಲಿ ಬರೆದಿದೆ. ಮಲಗಿದ್ದವನು ಒಂದು ಮಾತನ್ನಾದರೂ ಆಡಿದನೆಂದು ಮಾರ್ಕನು ಹೇಳುವುದಿಲ್ಲ.

ಮಾತಾಡಲಾಗದ ಆ ಸ್ಥಿತಿಯನ್ನು ಒಂದು ಬುಧವಾರದ ಮನೆ ಪ್ರಾರ್ಥನೆಯಲ್ಲಿ ನಾನು ಹತ್ತಿರದಿಂದ ಕಂಡಿದ್ದೇನೆ. ಮಗನಿಗೆ ಕೀಮೋ ನಡೆಯುತ್ತಿದ್ದ ತಾಯಿಯೊಬ್ಬರು ‘ಕರ್ತನೇ’ ಎಂದು ಶುರು ಮಾಡಿದರು, ಮುಂದೆ ಸ್ವರ ಹೊರಡಲಿಲ್ಲ. ಪಕ್ಕದಲ್ಲಿ ಚಾಪೆಯ ಮೇಲಿದ್ದ ಹಿರಿಯರೊಬ್ಬರು ಅವರ ಕೈ ಹಿಡಿದು, ಅವರು ನಿಲ್ಲಿಸಿದಲ್ಲಿಂದಲೇ ಮೆಲ್ಲಗೆ ಮುಂದುವರಿಸಿ ಆಮೆನ್ ವರೆಗೆ ತಂದರು. ಮರುದಿನ ಬೆಳಿಗ್ಗೆ ಆ ಕೂಟದವರೇ ಒಬ್ಬರು ಆಸ್ಪತ್ರೆಗೆ ಗಂಜಿ ಕೊಂಡೊಯ್ದರು. ಹೆಸರು ಹಿಡಿದು ಪ್ರಾರ್ಥಿಸಿದವರನ್ನು ಮರೆತು ಕೂರುವುದು ಕಷ್ಟ.

ಸಹಾಯ ಕೇಳುವುದಕ್ಕೆ ಸಂಕೋಚವೂ ಬೇಡ. ತನಗಾಗಿ ಪ್ರಾರ್ಥಿಸಿರೆಂದು ಮೊದಲ ಶತಮಾನದ ಸುವಾರ್ತೆಗಾರ ಪೌಲನು ರೋಮ್, ಥೆಸಲೊನೀಕ ಮುಂತಾದ ಸಭೆಗಳಿಗೆ ಮತ್ತೆ ಮತ್ತೆ ಬರೆಯುತ್ತಾನೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸುವಾಗ ಸ್ವತಃ ಯೇಸುವೇ ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಎಚ್ಚರವಾಗಿರಲು ಬೇಡಿಕೊಂಡರು.

ಆದರೆ ಪ್ರಾರ್ಥಿಸುವವರಿಗೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಗುಣವಾಗದಿದ್ದರೆ ‘ನಿಮ್ಮ ನಂಬಿಕೆ ಸಾಲದು’ ಎಂದು ರೋಗಿಯ ಮೇಲೆ ಹೊರಿಸುವುದು ಕ್ರೌರ್ಯ. ‘ಶರೀರದ ಮುಳ್ಳು’ ಎಂದು ತಾನೇ ಕರೆದ ಒಂದು ಬಾಧೆಯನ್ನು ತೆಗೆಯಬೇಕೆಂದು ಪೌಲನು ಮೂರು ಸಾರಿ ಬೇಡಿದರೂ ಅದು ಹೋಗಲಿಲ್ಲ, ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ. ಡಾಕ್ಟರು ಕೊಟ್ಟ ಔಷಧವನ್ನು ಪ್ರಾರ್ಥನೆಯ ಹೆಸರಿನಲ್ಲಿ ನಿಲ್ಲಿಸಲು ಹೇಳುವುದೂ ತಪ್ಪು. ಕೂಟದಲ್ಲಿ ಕೇಳಿದ ಕಷ್ಟವನ್ನು ಹೊರಗೆ ಆಡಿಕೊಳ್ಳುವುದಂತೂ ನಂಬಿ ಹೇಳಿಕೊಂಡವರಿಗೆ ಮಾಡುವ ದ್ರೋಹ.

ನಿಮ್ಮ ಹೆಸರನ್ನು ಆರಾಧನೆಯಲ್ಲಿ ಓದುವುದು ಇಷ್ಟವಿಲ್ಲದಿದ್ದರೆ ಸಭಾಪಾಲಕರಿಗೆ ಮೊದಲೇ ತಿಳಿಸಿ. ಇಬ್ಬರು ಮೂವರು ಕೂಡಿದರೂ ಸಾಕೆಂದು ಮತ್ತಾಯ 18ರಲ್ಲಿ ಯೇಸು ಹೇಳಿರುವುದರಿಂದ, ನೀವು ನಂಬುವ ಇಬ್ಬರನ್ನು ಮನೆಗೆ ಕರೆದು, ಎಷ್ಟು ಹೇಳಲು ಸಾಧ್ಯವೋ ಅಷ್ಟನ್ನೇ ಹೇಳಿಕೊಳ್ಳಿ.