ನೀರು ಸಣ್ಣಗೆ ಬಂದ ಮಾತ್ರಕ್ಕೆ ಮೆಂಬ್ರೇನ್ ಹೋಗಿರುವುದಿಲ್ಲ

ಪ್ರಶ್ನೆ: ಸಿಂಕ್ ಕೆಳಗೆ ಆರ್‌ಓ ನೀರಿನ ಫಿಲ್ಟರ್ ಹಾಕಿಸಿ ಎರಡು ವರ್ಷವಾಯಿತು. ಈಗ ಒಂದು ಲೋಟ ಜೋರಾಗಿ ಬಂದು, ಆಮೇಲೆ ನೂಲಿನಂತೆ ಇಳಿಯುತ್ತದೆ. ರಿಪೇರಿಯವರು ಮೆಂಬ್ರೇನ್ (ನೀರು ಸೋಸುವ ಪೊರೆ) ಹೋಗಿದೆ ಅಂತಾರೆ. ಬದಲಿಸಲಾ?

ಬೇಡ. ಮೊದಲು ಸೋಸಿದ ನೀರು ತುಂಬುವ ಸಿಂಕ್ ಕೆಳಗಿನ ಟ್ಯಾಂಕ್ ಎತ್ತಿ ನೋಡಿ.

ಒಳಬರುವ ನೀರು ಬಂದ್ ಮಾಡಿ, ಫಿಲ್ಟರ್ ನಲ್ಲಿ ತೆರೆದು, ಹನಿ ನಿಲ್ಲುವವರೆಗೆ ಬಿಡಿ. ನೀರು ನಿಂತ ಮೇಲೂ ಟ್ಯಾಂಕ್ ಭಾರವಾಗಿದ್ದರೆ ಅದರೊಳಗಿನ ಗಾಳಿ ಇಳಿದಿದೆ. ನೀರಿದೆ, ಮೇಲೆ ತಳ್ಳುವವರಿಲ್ಲ, ಅಷ್ಟೇ. ಟ್ಯಾಂಕಿನ ಬದಿಯಲ್ಲೋ ತಳದಲ್ಲೋ ಬೈಕ್ ಟ್ಯೂಬಿನಂಥದೇ ವಾಲ್ವ್ ಇರುತ್ತದೆ. ನಲ್ಲಿ ತೆರೆದೇ ಇಟ್ಟು ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ, ಉಳಿದ ನೀರೂ ಹೊರಬೀಳುತ್ತದೆ. ಖಾಲಿ ಟ್ಯಾಂಕಿಗೆ 7 ಪಿಎಸ್‌ಐ ಒತ್ತಡ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ಬೇಡ, ಒಳಗಿನ ರಬ್ಬರ್ ಚೀಲ ಹರಿಯುತ್ತದೆ. ವಾಲ್ವ್ ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಚೀಲ ಆಗಲೇ ಹರಿದಿದೆ, ಟ್ಯಾಂಕನ್ನೇ ಬದಲಿಸಬೇಕು.

ಈಗ ಈ ಮೆಂಬ್ರೇನ್ ಪುರಾಣಕ್ಕೆ ಬರೋಣ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಮಾತು. ಹರಿದ ಮೆಂಬ್ರೇನ್ ನೀರನ್ನು ಕಡಿಮೆ ಮಾಡುವುದಿಲ್ಲ, ಜಾಸ್ತಿ ಬಿಡುತ್ತದೆ. ಜೊತೆಗೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, ಏರುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಮೆಂಬ್ರೇನ್ ಕಟ್ಟಿಕೊಳ್ಳುವುದು ನಿಜ, ಆದರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಆಗುವ ಕೆಲಸ. ಸೋಮವಾರ ಚೆನ್ನಾಗಿದ್ದದ್ದು ಮಂಗಳವಾರ ಸಣ್ಣಗಾದರೆ ತಪ್ಪು ಬೇರೆ ಕಡೆ ಇದೆ.

ಅನುಮಾನವಿದ್ದರೆ ಅಳೆಯಿರಿ. ಟ್ಯಾಂಕಿನ ವಾಲ್ವ್ ಮುಚ್ಚಿ, ನಲ್ಲಿ ತೆರೆದು, ಒಂದು ಲೀಟರ್ ತುಂಬಲು ಎಷ್ಟು ಹೊತ್ತು ಎಂದು ನೋಡಿ. 80 ಜಿಪಿಡಿ (ದಿನಕ್ಕೆ 80 ಗ್ಯಾಲನ್) ಮೆಂಬ್ರೇನ್ ಅಂದರೆ ದಿನಕ್ಕೆ ಸುಮಾರು 300 ಲೀಟರ್, ಲೀಟರಿಗೆ ಐದು ನಿಮಿಷ. ಎಂಟು ನಿಮಿಷವಾದರೂ ಗಾಬರಿ ಬೇಡ. ಹದಿನೈದಾದರೆ ತ್ಯಾಜ್ಯ ನೀರು ಹೊರಹೋಗುವ ಡ್ರೈನ್ ಪೈಪ್ ನೋಡಿ. ಅಲ್ಲೂ ನೀರು ಕಡಿಮೆಯಿದ್ದರೆ ಮಣ್ಣು, ಕೆಸರು ತಡೆಯುವ ಸೆಡಿಮೆಂಟ್ ಕ್ಯಾಂಡಲ್ ಕಟ್ಟಿದೆ, ಇಲ್ಲವೇ ಮೆಂಬ್ರೇನಿಗೆ ಒತ್ತಡ ಕೊಡುವ ಪಂಪ್ ಸೊರಗಿದೆ. ಮಳೆಗಾಲದಲ್ಲಿ ಹೊಳೆ ನೀರು ಕೆಂಪಾದಾಗ ದಾವಣಗೆರೆಯ ಮನೆಗಳಲ್ಲಿ ಕ್ಯಾಂಡಲಿಗೇ ಮೊದಲು ಪೆಟ್ಟು. ಪಂಪನ್ನೂ ಮರೆಯಬೇಡಿ: ಮೂರು ಮೀಟರ್ ಮೇಲಿನ ಸಿಂಟೆಕ್ಸ್ ಕೊಡುವುದು ನಾಲ್ಕು ಪಿಎಸ್‌ಐ ಚಿಲ್ಲರೆ, ಮೆಂಬ್ರೇನ್ ಕೇಳುವುದು 50ಕ್ಕೂ ಹೆಚ್ಚು. ಕ್ಯಾಂಡಲ್ ಹೊಸದು, ಪಂಪ್ ಸರಿ, ಡ್ರೈನ್ ಧಾರಾಳ, ಆದರೂ ನಲ್ಲಿಯಲ್ಲಿ ನೀರಿಲ್ಲ ಅಂದರೆ ಆಗ ಮೆಂಬ್ರೇನ್ ಹೆಸರೆತ್ತಿ.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ಚಿತ್ರದುರ್ಗದ ಬೋರ್‌ವೆಲ್ ಮನೆಗಳವರು ಕೇಳಲೇಬೇಕಾದದ್ದು: ರುಚಿಗೆಂದು ತಿರುಗಿಸಿಕೊಟ್ಟ ಆ ಟಿಡಿಎಸ್ ಸ್ಕ್ರೂ ಏನು ಮಾಡುತ್ತದೆ? ಮೆಂಬ್ರೇನ್ ದಾಟದ ನೀರನ್ನು ಶುದ್ಧ ನೀರಿಗೆ ಬೆರೆಸುತ್ತದೆ. ಬೋರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಫ್ಲೋರೈಡ್ (ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ) ಇದ್ದು, ಅರ್ಧ ನೀರು ಹಾಗೆ ಬೆರೆತರೆ ಲೋಟದಲ್ಲಿ 2 ಮಿಲಿಗ್ರಾಂ. ಗರಿಷ್ಠ ಮಿತಿಯೇ 1.5. ಟಿಡಿಎಸ್ ಮೀಟರ್ ಇದನ್ನು ಹೇಳುವುದಿಲ್ಲ, ಅದಕ್ಕೆ ಉಪ್ಪೂ ಒಂದೇ, ಫ್ಲೋರೈಡೂ ಒಂದೇ. ಕುದಿಸಿದರೂ ಹೋಗದು, ಆವಿಯಾದಷ್ಟು ಗಟ್ಟಿಯಾಗುತ್ತದೆ. ಸ್ಕ್ರೂ ಪೂರ್ತಿ ಮುಚ್ಚಿಸಿ. ಡ್ರೈನ್ ನೀರು ನೆಲ ಒರೆಸಲು ಇರಲಿ, ಅಡುಗೆಗೆ ಬೇಡ. ಬೋರ್ ನೀರು, ಫಿಲ್ಟರ್ ನೀರು ಎರಡನ್ನೂ ಪರೀಕ್ಷೆಗೆ ಕೊಡಿ. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಬಾಟಲಿಯಲ್ಲೇ ಕೊಟ್ಟು, ಫ್ಲೋರೈಡ್ ನೋಡಿ ಎಂದು ಬಾಯಿಬಿಟ್ಟು ಹೇಳಿ.