ದುಡ್ಡಿರುವ ಅಭ್ಯರ್ಥಿಗೆ ಕಾಯೋದು ಗೊತ್ತಾ?

ಚುನಾವಣೆಗೆ ನಿಲ್ಲುವವರಿಗೆ ಜನರ ಜೊತೆ ಮಾತಾಡುವ ತಯಾರಿ ಮಾಡಿಸುವುದು ನನ್ನ ಕೆಲಸ. ಭಾಷಣ, ಟಿವಿ ಚರ್ಚೆ, ಮನೆ ಮನೆ ಪ್ರಚಾರ, ಎಲ್ಲದಕ್ಕೂ. ದುಡ್ಡಿರುವ ಅಭ್ಯರ್ಥಿ ಬಂದರೆ ಮೊದಲ ದಿನವೇ ಒಂದು ಪ್ರಶ್ನೆ ಕೇಳುತ್ತೇನೆ: "ಯಾವಾಗ ಮುಗಿಯುತ್ತೆ ಅಂತ ಗೊತ್ತಿಲ್ಲದೆ, ಎದ್ದು ಹೋಗೋ ಹಾಗೂ ಇಲ್ಲದೆ, ನೀವು ಕೊನೇ ಸಲ ಎಲ್ಲಿ ಕಾದು ಕೂತಿದ್ರಿ?"

ಬಹಳ ಜನ ಯೋಚನೆಗೆ ಬೀಳುತ್ತಾರೆ. ಕೆಲವರು ವಿಮಾನ ತಡವಾದ ಕತೆ ಹೇಳುತ್ತಾರೆ. ಒಬ್ಬ ಉದ್ಯಮಿ ಮಾತ್ರ ತುಂಬಾ ಹೊತ್ತು ಸುಮ್ಮನಿದ್ದು, "ಬೇರೆಯವರು ನನಗೋಸ್ಕರ ಕಾಯ್ತಾರೆ. ನಾನು ಕಾದಿದ್ದು ನೆನಪಿಲ್ಲ" ಅಂದರು. ಆ ಮಾತಿನ ಪ್ರಾಮಾಣಿಕತೆ ನನಗೆ ಹಿಡಿಸಿತು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಶ್ರೀಮಂತ ಅಭ್ಯರ್ಥಿಗೆ ಸಾಮಾನ್ಯ ಮತದಾರರ ಬದುಕು ಅರ್ಥವಾಗುತ್ತಾ ಅನ್ನೋ ಪ್ರಶ್ನೆ ಬಂದಾಗ ಪತ್ರಕರ್ತರು ಸಾಮಾನ್ಯವಾಗಿ ಹಿಡಿಯುವ ಅಳತೆಗೋಲು ಹಾಲಿನ ಬೆಲೆ. 2012ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಂಸದೆ ನೇಡೀನ್ ಡೊರಿಸ್ ತಮ್ಮದೇ ಪಕ್ಷದ ಪ್ರಧಾನಿ ಡೇವಿಡ್ ಕ್ಯಾಮರೂನ್ ಮತ್ತು ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಅವರನ್ನು ಹಾಲಿನ ಬೆಲೆ ಗೊತ್ತಿಲ್ಲದ ಸಿರಿವಂತರ ಮನೆ ಹುಡುಗರು ಅಂತ ಜರೆದರು. ಆ ಮಾತು ಚುಚ್ಚಿತು, ನಿಂತಿತು. ಇವತ್ತಿಗೂ ಚುನಾವಣೆ ಹತ್ತಿರ ಬಂದರೆ ಹಾಲು, ಬ್ರೆಡ್, ಪೆಟ್ರೋಲ್ ಬೆಲೆಗಳ ಪಟ್ಟಿಯನ್ನು ಅಭ್ಯರ್ಥಿಗಳಿಗೆ ಬಾಯಿಪಾಠ ಮಾಡಿಸುವವರಿದ್ದಾರೆ. ನಾನೂ ಮೊದಮೊದಲು ಮಾಡಿಸಿದ್ದೇನೆ. ಈಗ ಬಿಟ್ಟಿದ್ದೇನೆ.

ಯಾಕೆ ಅಂದರೆ, ಬೆಲೆ ಬರೀ ಮಾಹಿತಿ. ಅರ್ಧ ಗಂಟೆಯಲ್ಲಿ ಕಲಿಯಬಹುದು. ಬೆಲೆ ಏರಿದಾಗ ಮನೆಯಲ್ಲಿ ಏನು ಬಿಟ್ಟುಹೋಗುತ್ತೆ ಅನ್ನೋದು ಬೇರೆ ವಿಷಯ. ಕೈ ಬಿಗಿ ಇರುವವರು ಒಂದು ಖರ್ಚು ಬಂದಾಗ ಇನ್ನೊಂದನ್ನು ಕೈಬಿಡುತ್ತಾರೆ. ಮಗನ ಶೂ ಮುಂದಿನ ತಿಂಗಳಿಗೆ ಹೋಗುತ್ತೆ. ಹಲ್ಲುನೋವಿಗೆ ಡಾಕ್ಟರ್ ಬದಲು ಲವಂಗ ಬರುತ್ತೆ. ಸಂಪತ್ತು ಒಬ್ಬ ಮನುಷ್ಯನಿಂದ ಮೊದಲು ಕಿತ್ತುಕೊಳ್ಳುವುದು ಈ ತೂಗಿ ನೋಡುವ ಅಭ್ಯಾಸವನ್ನು. ಅದು ಬೇಕು, ಇದೂ ಬೇಕು ಅಂದರೆ ಎರಡೂ ಬರುತ್ತೆ. ಕಾಯುವುದೂ ಹಾಗೆಯೇ. ದುಡ್ಡಿದ್ದರೆ ಸರದಿ ತಪ್ಪಿಸಬಹುದು, ಅಥವಾ ನಮ್ಮ ಬದಲು ಇನ್ನೊಬ್ಬರನ್ನು ನಿಲ್ಲಿಸಬಹುದು. ಹೀಗೆ ಇಪ್ಪತ್ತು ವರ್ಷ ಬದುಕಿದವರು ಕೆಟ್ಟವರಾಗುವುದಿಲ್ಲ. ಆದರೆ ಎದುರಿಗಿರುವವರು "ಎರಡು ಗಂಟೆ ಕಾದೆ" ಅಂದಾಗ ಅದರ ಭಾರ ಅವರಿಗೆ ತಾಕುವುದಿಲ್ಲ.

ಬೆಲೆ ಪರೀಕ್ಷೆ ಎಷ್ಟು ಅನ್ಯಾಯವಾಗಬಹುದು ಅನ್ನೋದಕ್ಕೂ ಒಂದು ಉದಾಹರಣೆ ಇದೆ. 1992ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಹಿರಿಯ ಬುಷ್, ಒರ್ಲ್ಯಾಂಡೊದಲ್ಲಿ ದಿನಸಿ ವ್ಯಾಪಾರಿಗಳ ಸಮಾವೇಶಕ್ಕೆ ಹೋದರು. ಅಲ್ಲಿ ಬಾರ್‌ಕೋಡ್ ಓದುವ ಯಂತ್ರ ನೋಡಿ ಬೆರಗಾದರು, ಸೂಪರ್‌ಮಾರ್ಕೆಟ್ ಇವರಿಗೆ ಹೊಸದು ಅಂತ ಸುದ್ದಿಯಾಯಿತು. ಅವರು ನೋಡಿದ್ದು ಹರಿದು ಚೂರಾದ ಬಾರ್‌ಕೋಡನ್ನೂ ಓದಬಲ್ಲ ಹೊಸ ಬಗೆಯ ಯಂತ್ರ ಅಂತ ಆಮೇಲೆ ಬೇರೆ ವರದಿ ಬಂತು. ಯಾರು ನೋಡಿದರೂ ಆಶ್ಚರ್ಯಪಡುವಂಥದ್ದು. ಆದರೆ ಮೊದಲ ಸುದ್ದಿ ಅಳಿಸಲೇ ಇಲ್ಲ. ಆ ಹೊತ್ತಿಗೆ ಕೆಲಸ ಕಳೆದುಕೊಂಡವರ ಸಂಖ್ಯೆ ಏರುತ್ತಿತ್ತು. ನಮ್ಮ ಪಾಡು ಇವರ ಕಣ್ಣಿಗೆ ಬಿದ್ದಿಲ್ಲ ಅಂತ ಜನ ಆಗಲೇ ನಂಬಿದ್ದರು. ಸುದ್ದಿ ಆ ನಂಬಿಕೆಗೆ ಒಂದು ಚಿತ್ರ ಕೊಟ್ಟಿತು, ಅಷ್ಟೆ.

ಅದೇ ವರ್ಷ ಅಕ್ಟೋಬರ್ 15ರಂದು ನಡೆದ ಅಧ್ಯಕ್ಷೀಯ ಚುನಾವಣೆಯ ಟಿವಿ ಚರ್ಚೆಯನ್ನು ಮಾತ್ರ ನಾನು ಪ್ರತಿ ಅಭ್ಯರ್ಥಿಗೂ ತೋರಿಸುತ್ತೇನೆ. ವರ್ಜೀನಿಯಾದ ರಿಚ್ಮಂಡ್. ವೇದಿಕೆ ಮೇಲೆ ಮೂವರು: ಬುಷ್, ಬಿಲ್ ಕ್ಲಿಂಟನ್, ಶತಕೋಟಿ ಡಾಲರ್‌ಗಳ ಉದ್ಯಮಿ ರಾಸ್ ಪೆರೋ. ಸುತ್ತ ಕೂತ ಸಾಮಾನ್ಯ ಮತದಾರರೇ ಪ್ರಶ್ನೆ ಕೇಳುವ ಏರ್ಪಾಡು. ಒಬ್ಬ ಯುವತಿ ಎದ್ದು ನಿಂತು, ದೇಶದ ಸಾಲ ನಿಮ್ಮ ಮೂವರ ಸ್ವಂತ ಬದುಕಿಗೆ ಹೇಗೆ ತಟ್ಟಿದೆ, ತಟ್ಟಿಲ್ಲ ಅಂದರೆ ಜನರ ಕಷ್ಟಕ್ಕೆ ಪರಿಹಾರ ಹೇಗೆ ಹುಡುಕುತ್ತೀರಿ ಅಂತ ಕೇಳಿದರು.

ಪೆರೋ ಮೊದಲು ಉತ್ತರಿಸಿದರು. ಈ ಸಾಲದಿಂದಾಗಿಯೇ ತಮ್ಮ ಖಾಸಗಿ ಬದುಕು, ವ್ಯಾಪಾರ ಬದಿಗಿಟ್ಟು ಚುನಾವಣೆಗೆ ಬರಬೇಕಾಯಿತು ಅಂದರು. ಬುಷ್ ಬಡ್ಡಿದರದ ಮಾತೆತ್ತಿದರು. ಆಕೆ ಬಿಡಲಿಲ್ಲ, ನಿಮಗೆ ಹೇಗೆ ತಟ್ಟಿದೆ ಅಂತ ಮತ್ತೆ ಕೇಳಿದರು. ಬುಷ್, ಅನುಕೂಲ ಇರುವವರಿಗೆ ಸಾಲದ ಬಿಸಿ ತಟ್ಟುವುದಿಲ್ಲ ಅಂತೀರಾ, ಪ್ರಶ್ನೆ ನನಗೆ ಸರಿಯಾಗಿ ಅರ್ಥವಾಗಲಿಲ್ಲ ಅನ್ನುವ ಧಾಟಿಯಲ್ಲಿ ಉತ್ತರಿಸಿದರು. ಆಕೆ ಕೇಳುತ್ತಿದ್ದುದು ನಿಜವಾಗಿ ಆರ್ಥಿಕ ಹಿಂಜರಿತದ ಬಗ್ಗೆ. ಕೆಲಸ ಹೋದವರನ್ನು, ಮನೆಯ ಕಂತು ಕಟ್ಟಲಾಗದವರನ್ನು ಬಲ್ಲೆ ಅಂತ ಆಕೆ ಹೇಳಿದ್ದರು.

ಕ್ಲಿಂಟನ್ ಕುರ್ಚಿ ಬಿಟ್ಟು ಆಕೆಯ ಹತ್ತಿರ ನಡೆದು ಬಂದರು. ನಿಮಗೆ ಹೇಗೆ ತಟ್ಟಿದೆ, ಇನ್ನೊಂದು ಸಲ ಹೇಳಿ ಅಂದರು. ಕೆಲಸ ಕಳೆದುಕೊಂಡವರು, ಮನೆ ಕಳೆದುಕೊಂಡವರು ನಿಮಗೆ ಗೊತ್ತಲ್ವಾ ಅಂತ ಕೇಳಿದರು. ಆಮೇಲೆ ತಾವು ಗವರ್ನರ್ ಆಗಿರುವ ಪುಟ್ಟ ರಾಜ್ಯದಲ್ಲಿ ಯಾರಾದರೂ ಕೆಲಸ ಕಳೆದುಕೊಂಡರೆ ಅವರ ಹೆಸರು ತಮಗೆ ಗೊತ್ತಿರುವುದೇ ಹೆಚ್ಚು, ಕಾರ್ಖಾನೆ ಮುಚ್ಚಿದರೆ ಅದನ್ನು ನಡೆಸಿದವರೂ ಗೊತ್ತು ಅಂದರು.

ನಾನು ಈ ದೃಶ್ಯವನ್ನು ಎರಡು ಸಲ ಹಾಕುತ್ತೇನೆ. ಮೊದಲ ಸಲ ನೋಡಿದವರೆಲ್ಲ ಕ್ಲಿಂಟನ್ ಹತ್ತಿರ ನಡೆದು ಹೋದದ್ದನ್ನೇ ಹೇಳುತ್ತಾರೆ. ನಡಿಗೆ ಕಲಿಸುವುದು ಸುಲಭ. ಎರಡನೇ ಸಲ ಆ ಮಾತನ್ನು ಗಮನಿಸಿ ಅನ್ನುತ್ತೇನೆ. ಆತ ಉತ್ತರ ಕೊಡುವ ಮೊದಲು ತಿರುಗಿ ಕೇಳಿದರು. ಮೂವರಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ನನ್ನ ಕೆಲಸದಲ್ಲಿ ನಾವಿದನ್ನು ಎರಡನೇ ಪ್ರಶ್ನೆ ಅಂತೀವಿ.

ಈಗ ಆ ಉದ್ಯಮಿಯ ವಿಷಯ. ಅಭ್ಯಾಸಕ್ಕೆ ಅಂತ ಐದು ಜನರನ್ನು ಕರೆಸಿದ್ದೆವು. ಅವರಲ್ಲಿ ಒಬ್ಬರು ವಯಸ್ಸಾದವರ ಆರೈಕೆ ಮಾಡುವ ಹೆಣ್ಣುಮಗಳು. ರಾತ್ರಿ ಪಾಳಿ. "ಮಗುವಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಹೋಗೋಕೆ ತುಂಬಾ ಕಷ್ಟ ಆಗ್ತಿದೆ ಸರ್" ಅಂದರು. ಆಕೆಯ ಮಾತು ಮುಗಿಯುವಷ್ಟರಲ್ಲೇ ಉದ್ಯಮಿ ಉತ್ತರ ಶುರು ಮಾಡಿದರು. ಹೊಸ ಕಟ್ಟಡ, ಇನ್ನಷ್ಟು ಹಾಸಿಗೆ, ಖಾಸಗಿ ಸಹಭಾಗಿತ್ವ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೆಣ್ಣುಮಗಳು ತಲೆಯಾಡಿಸಿ ಕೂತರು. ಮತ್ತೆ ಬಾಯಿ ಬಿಡಲಿಲ್ಲ.

ವಿಡಿಯೊ ಹಾಕಿ ತೋರಿಸಿದೆ. ಉತ್ತರ ಕೇಳುತ್ತಾ ಕೇಳುತ್ತಾ ಆಕೆ ಮಡಿಲಲ್ಲಿದ್ದ ಚೀಲದ ಜಿಪ್ ಎಳೆದು ಮುಚ್ಚಿದ್ದು ಅದರಲ್ಲಿ ಕಾಣುತ್ತಿತ್ತು. ಎದ್ದು ಹೋಗುವ ಮೊದಲು ಮಾಡುತ್ತೇವಲ್ಲ, ಹಾಗೆ. ಉದ್ಯಮಿ ಅದನ್ನು ಮೂರು ಸಲ ನೋಡಿದರು. ನಾನು ಏನೂ ಹೇಳಬೇಕಾಗಿ ಬರಲಿಲ್ಲ.

ಎರಡನೇ ಸುತ್ತಿನಲ್ಲಿ ಅವರು ಕೇಳಿದ್ದು ಇಷ್ಟೇ: "ಅವತ್ತು ಏನಾಯ್ತಮ್ಮ? ಬೆಳಗ್ಗೆಯಿಂದ ಹೇಳಿ." ಆಕೆ ಹತ್ತು ನಿಮಿಷ ಮಾತಾಡಿದರು. ಪಾಳಿ ಮುಗಿಯುವುದು ಬೆಳಗ್ಗೆ ಏಳಕ್ಕೆ. ಚೀಟಿ ಕೊಡುವ ಕಿಟಕಿ ತೆರೆಯುವುದು ಒಂಬತ್ತಕ್ಕೆ. ಏಳಕ್ಕೇ ಬಂದು ನಿಂತವರಿಗೆ ಮಾತ್ರ ಚೀಟಿ ಸಿಗುತ್ತೆ, ಆಮೇಲೆ ಮುಗಿದುಹೋಗುತ್ತೆ. ಅಂದರೆ ಮಗುವಿಗೆ ಜ್ವರ ಬಂದ ರಾತ್ರಿ ಕೆಲಸ ಬಿಡಬೇಕು, ಇಲ್ಲವೇ ಮರುದಿನ ಆಸ್ಪತ್ರೆ ಬಿಡಬೇಕು. ಆಕೆಗೆ ಹೊಸ ಕಟ್ಟಡ ಬೇಕಿರಲಿಲ್ಲ. ಸಂಜೆ ಹೊತ್ತಲ್ಲಿ ಎರಡು ಗಂಟೆ ಆ ಕಿಟಕಿ ತೆರೆದಿದ್ದರೆ ಸಾಕಿತ್ತು. ಯಾವ ಸಲಹೆಗಾರರ ವರದಿಯಲ್ಲೂ ಈ ಸಂಗತಿ ಇರಲಿಲ್ಲ.

ಹಾಗಾಗಿ ನನ್ನ ನಿಲುವು ಸರಳ. ಶ್ರೀಮಂತರಿಗೆ ಸಾಮಾನ್ಯರ ಬದುಕು ಅರ್ಥವಾಗಬಲ್ಲದು. ಆದರೆ ಅದು ತಾನಾಗಿ ಅರ್ಥವಾಗಲ್ಲ. ಬಡತನದಲ್ಲಿ ಬೆಳೆದವರಿಗೆ ಬದುಕು ಕಲಿಸಿದ್ದನ್ನು ಅವರು ಕೇಳಿ ಕೇಳಿ ಕಲಿಯಬೇಕು.

ಕಲಿತವರಿದ್ದಾರೆ. ನನಗೆ ತುಂಬಾ ಇಷ್ಟವಾದದ್ದು ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕರೆಂಟ್ ಬಿಲ್ ಕತೆ. ಹಡ್ಸನ್ ನದಿ ದಂಡೆಯ ಹೈಡ್ ಪಾರ್ಕ್‌ನ ದೊಡ್ಡ ಮನೆತನ ಅವರದು. 1921ರಲ್ಲಿ, 39ನೇ ವಯಸ್ಸಿನಲ್ಲಿ, ಕಾಯಿಲೆ ಬಂದು ಕಾಲುಗಳು ಸೋತವು. ಪೋಲಿಯೊ ಅಂತ ಡಾಕ್ಟರ್‌ಗಳು ಹೇಳಿದರು. ಬಿಸಿನೀರಿನ ಚಿಕಿತ್ಸೆಗೆ ಅಂತ 1924ರಿಂದ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋಗತೊಡಗಿದರು. ಬಡ ರೈತರ ಸೀಮೆ ಅದು. ಅಲ್ಲಿನ ಪುಟ್ಟ ಮನೆಗೆ ಮೊದಲ ತಿಂಗಳ ಬಿಲ್ ಬಂತು. ಯೂನಿಟ್‌ಗೆ 18 ಸೆಂಟ್, ಹೈಡ್ ಪಾರ್ಕ್‌ನಲ್ಲಿ ಕೊಡುತ್ತಿದ್ದುದರ ಸುಮಾರು ನಾಲ್ಕು ಪಟ್ಟು. 1938ರಲ್ಲಿ ಜಾರ್ಜಿಯಾದ ಬಾರ್ನ್ಸ್‌ವಿಲ್‌ನಲ್ಲಿ ಮಾತಾಡುತ್ತಾ ಅವರೇ ಇದನ್ನು ನೆನೆಸಿಕೊಂಡರು.

ಆ ಬಿಲ್ ಕಟ್ಟುವುದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಕಟ್ಟಿ ಮರೆತುಬಿಡಬಹುದಿತ್ತು. ಹೆಚ್ಚಿನ ಸಿರಿವಂತರು ಮಾಡುವುದು ಅದನ್ನೇ, ಅದರಲ್ಲಿ ತಪ್ಪೂ ಇಲ್ಲ. ಅವರು ಮರೆಯಲಿಲ್ಲ. ಹಳ್ಳಿಮನೆಗಳಿಗೆ ಕರೆಂಟ್ ತಲುಪಿಸುವುದು ಹೇಗೆ ಅನ್ನುವ ತಮ್ಮ ದೀರ್ಘ ಅಧ್ಯಯನ ಶುರುವಾದದ್ದು ಅಲ್ಲಿಂದಲೇ ಅಂದರು. 1935ರ ಮೇ ತಿಂಗಳಲ್ಲಿ, ಅಧ್ಯಕ್ಷರಾಗಿ, ಹಳ್ಳಿಗಳ ವಿದ್ಯುದೀಕರಣಕ್ಕೆ ಅಂತಲೇ ಒಂದು ಸಂಸ್ಥೆ ಹುಟ್ಟುಹಾಕಿದರು. ಆಗ ಅಮೆರಿಕದ ಹತ್ತು ರೈತ ಮನೆಗಳಲ್ಲಿ ಸುಮಾರು ಒಂಬತ್ತು ಮನೆಗಳಿಗೆ ಕರೆಂಟ್ ಇರಲಿಲ್ಲ. ಕಾಯಿಲೆಯೂ ಅವರಿಗೆ ಏನೋ ಕಲಿಸಿರಬೇಕು ಅಂತ ನನಗನ್ನಿಸುತ್ತೆ. ಎದ್ದು ನಿಲ್ಲಲು ಬೇರೆಯವರ ಕೈಗಾಗಿ ಕಾಯಬೇಕಾದ ಮನುಷ್ಯ ಅವರು.

ಎಡವಿದವರ ಪಟ್ಟಿ ದೊಡ್ಡದು. 2012ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತ ಸಿರಿವಂತ ಮಿಟ್ ರೋಮ್ನಿ 2011ರ ಡಿಸೆಂಬರ್‌ನಲ್ಲಿ ಟಿವಿ ಚರ್ಚೆಯ ನಡುವೆ ಎದುರಾಳಿಗೆ 10,000 ಡಾಲರ್ ಬಾಜಿ ಕಟ್ಟುತ್ತೀರಾ ಅಂದುಬಿಟ್ಟರು. ಬಾಯಿ ಮಾತಿಗೆ ಬಂದ ಮೊತ್ತ, ಆದರೆ ಎಷ್ಟೋ ಮನೆಗಳಿಗೆ ಅದು ತಿಂಗಳುಗಟ್ಟಲೆಯ ದುಡಿಮೆ. ಮರುವರ್ಷ ದೇಣಿಗೆದಾರರ ಕೂಟದಲ್ಲಿ, ಶೇ 47ರಷ್ಟು ಜನ ಸರ್ಕಾರವನ್ನೇ ನೆಚ್ಚಿಕೊಂಡವರು, ಅವರ ಚಿಂತೆ ನನ್ನ ಕೆಲಸವಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ ವಿಡಿಯೊ ಹೊರಬಂತು. ಆ ಚುನಾವಣೆಯ ಮತಗಟ್ಟೆ ಸಮೀಕ್ಷೆಯಲ್ಲಿ ಶೇ 21ರಷ್ಟು ಜನ, ನಮ್ಮಂಥವರ ಬಗ್ಗೆ ಕಾಳಜಿ ಇರುವುದೇ ಅಭ್ಯರ್ಥಿಯ ಮುಖ್ಯ ಗುಣ ಅಂದರು. ಅವರಲ್ಲಿ ಶೇ 81 ಜನ ಒಬಾಮ ಕಡೆ, ಶೇ 18 ಜನ ರೋಮ್ನಿ ಕಡೆ. ನನ್ನ ವೃತ್ತಿಯಲ್ಲಿ ಇಷ್ಟು ಖಡಾಖಂಡಿತ ಅಂಕಿ ಅಪರೂಪ.

ಹಾಗಂತ ಸಿರಿತನವೇ ಮುಳುವಾಗಬೇಕು ಅಂತೇನಿಲ್ಲ. ಅದೇ ಅಮೆರಿಕದಲ್ಲಿ 2016ರಲ್ಲಿ ಡೊನಾಲ್ಡ್ ಟ್ರಂಪ್ ತಮ್ಮ ಶ್ರೀಮಂತಿಕೆಯನ್ನು ಬಚ್ಚಿಡಲೇ ಇಲ್ಲ. ಆದರೂ ಕಾಲೇಜು ಪದವಿ ಇಲ್ಲದ ಬಿಳಿಯ ಮತದಾರರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಅವರಿಗೆ ಮತ ಹಾಕಿದರು. ನಾಲ್ಕು ವರ್ಷದ ನಂತರ ಭಾರಿ ಸಿರಿವಂತ ಉದ್ಯಮಿ ಮೈಕೆಲ್ ಬ್ಲೂಮ್‌ಬರ್ಗ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ತಮ್ಮದೇ ದುಡ್ಡಲ್ಲಿ ಸುಮಾರು ನೂರು ಕೋಟಿ ಡಾಲರ್ ಸುರಿದರು. ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪ ಪ್ರದೇಶ ಒಂದನ್ನೇ. ಜನ ಅಭ್ಯರ್ಥಿಯ ಜೇಬು ನೋಡಿ ಹತ್ತಿರವೋ ದೂರವೋ ಅಂತ ತೀರ್ಮಾನಿಸಲ್ಲ. ತಮ್ಮ ಸಿಟ್ಟು, ತಮ್ಮ ಭಯ ಇವರ ಬಾಯಲ್ಲಿ ಬರುತ್ತಾ ಅಂತ ನೋಡುತ್ತಾರೆ. ಗೆದ್ದ ಮೇಲೆ ಆ ಸಿಟ್ಟಿಗೆ ಪರಿಹಾರ ಸಿಕ್ಕಿತಾ ಅನ್ನೋದು ಬೇರೆ ಲೆಕ್ಕ, ಅದನ್ನು ಬಜೆಟ್ಟಿನಲ್ಲಿ ನೋಡಬೇಕು.

ಬಡವರ ವೇಷ ಹಾಕುವುದಂತೂ ಬೇಡವೇ ಬೇಡ. 2022ರ ಮಾರ್ಚ್‌ನಲ್ಲಿ ಆಗಿನ ಬ್ರಿಟನ್ ಹಣಕಾಸು ಸಚಿವ ರಿಷಿ ಸುನಕ್ ಚಿಕ್ಕದೊಂದು ಕಾರಿಗೆ ಪೆಟ್ರೋಲ್ ತುಂಬಿಸುವ ಫೋಟೊ ಬಂತು. ಕಾರು ಅವರದಲ್ಲ, ಆ ಪೆಟ್ರೋಲ್ ಬಂಕ್ ಇದ್ದ ಸೂಪರ್‌ಮಾರ್ಕೆಟ್‌ನ ನೌಕರರೊಬ್ಬರದು ಅಂತ ಆಮೇಲೆ ತಿಳಿಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಜನ ಒಪ್ಪುತ್ತಾರೆ. "ನನಗೆ ಈ ಕಷ್ಟ ಬಂದಿಲ್ಲ, ನೀವು ಹೇಳಿ" ಅನ್ನೋ ಮಾತಿಗೆ ಯಾರೂ ಮುಖ ತಿರುಗಿಸಿದ್ದನ್ನು ನಾನು ಕಂಡಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಶ್ರೀಮಂತರಿಗೆ ಕಷ್ಟ ಅರ್ಥವಾಗುತ್ತಾ ಅಂತ ಕೇಳುತ್ತೇವೆ. ಕಷ್ಟ ಗೊತ್ತಿರುವವರೇ ಯಾಕೆ ನಿಲ್ಲುತ್ತಿಲ್ಲ ಅಂತ ಕೇಳುವುದು ಕಡಿಮೆ. ಬ್ರಿಟನ್ನಿನಲ್ಲಿ ಸಂಸದರಿಗೆ ಸಂಬಳ ಕೊಡಿ ಅಂತ, ದುಡಿಯುವ ಜನರ ಮತದ ಹಕ್ಕಿಗೆ ಹೋರಾಡಿದ ಚಾರ್ಟಿಸ್ಟ್ ಚಳವಳಿಯವರು 1838ರಲ್ಲೇ ಬೇಡಿಕೆ ಇಟ್ಟಿದ್ದರು. ಸಿಕ್ಕಿದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್. ಅಲ್ಲಿವರೆಗೆ ಗಣಿ ಕಾರ್ಮಿಕನೊಬ್ಬ ಗೆದ್ದರೆ ಹೊಟ್ಟೆಗೆ ಕಾರ್ಮಿಕ ಸಂಘದ ದುಡ್ಡೇ ಗತಿ. ಸಂಬಳ ಬಂದರೂ ಪ್ರಚಾರದ ತಿಂಗಳುಗಳಲ್ಲಿ ಕೆಲಸ ಬಿಟ್ಟು ಓಡಾಡುವ ಖರ್ಚು ಹಾಗೇ ಉಳಿಯಿತು. ಅಮೆರಿಕದ ರಾಜಕೀಯ ವಿಜ್ಞಾನಿ ನಿಕೊಲಸ್ ಕಾರ್ನ್ಸ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕೂಲಿ, ಕಾರ್ಖಾನೆ, ಅಂಗಡಿ ಕೆಲಸದಿಂದ ಬಂದ ಅಭ್ಯರ್ಥಿಗಳನ್ನು ಮತದಾರರು ದೂರ ಇಡುವುದಿಲ್ಲ, ಅಂಥವರು ಕಣಕ್ಕೆ ಇಳಿಯುವುದೇ ಕಷ್ಟವಾಗಿದೆ ಅನ್ನುವುದು ಅವರ ವಾದ. ನನ್ನ ಅನುಭವವೂ ಅದೇ. ನನ್ನ ಹತ್ತಿರ ತರಬೇತಿಗೆ ಬರುವವರಲ್ಲಿ ದಿನಗೂಲಿ ಮಾಡಿದವರು ತೀರಾ ಕಡಿಮೆ, ಅದು ನನಗೆ ನೋವಿನ ವಿಷಯ.

ಆ ಉದ್ಯಮಿಗೆ ಕೊನೆಯಲ್ಲಿ ಒಂದು ಕೆಲಸ ಕೊಟ್ಟಿದ್ದೆ. ಸಹಾಯಕರಿಲ್ಲದೆ, ಫೋನ್ ಒಳಗಿಟ್ಟು, ಸರ್ಕಾರಿ ಕಚೇರಿಯೊಂದರ ಸರದಿಯಲ್ಲಿ ಅರ್ಧ ದಿನ ಕೂತು ಬನ್ನಿ. ಭಾಷಣ ಬೇಡ, ಪರಿಚಯ ಬೇಡ. ಮಧ್ಯಾಹ್ನ ಬರಬೇಕಾದವರು ಸಂಜೆ ಬಂದರು.

"ಊಟದ ಹೊತ್ತಿಗೆ ಕೌಂಟರ್ ಮುಚ್ಚಿದರು" ಅಂದರು. "ಇನ್ನು ಇವತ್ತು ತೆಗೆಯಲ್ಲ ಅಂತ ಬೋರ್ಡ್ ಕೂಡ ಹಾಕಿದರು. ಆದರೂ ಹನ್ನೊಂದು ಜನ ಕೂತೇ ಇದ್ದರು. ಪಕ್ಕದಲ್ಲಿದ್ದ ಅಜ್ಜನನ್ನ ಯಾಕೆ ಅಂತ ಕೇಳಿದೆ."

"ಏನಂದರು?"

"ನಾಳೆ ಬಂದರೆ ಮಗ ಇನ್ನೊಂದು ದಿನದ ಕೂಲಿ ಬಿಟ್ಟು ಕರೆದುಕೊಂಡು ಬರಬೇಕಂತೆ. ಬೋರ್ಡ್ ಹಾಕಿದ ಮೇಲೂ ಒಮ್ಮೊಮ್ಮೆ ಯಾರಾದರೂ ಬಾಗಿಲು ತೆಗೀತಾರಂತೆ. ಅದಕ್ಕೇ ಅವರ ಜೊತೆ ನಾನೂ ಕೂತೆ."

ತೆಗೆದರಾ ಅಂತ ಕೇಳಿದೆ. ಇಲ್ಲ ಅಂದರು.