ಎರಡು ಎಕ್ಕ: ಬಣ್ಣ ಬಿಡಿ, ಎಸಳು ನೋಡಿ

ಎಕ್ಕದ ಕುಲದ ಹೆಸರು ಕ್ಯಾಲೊಟ್ರೋಪಿಸ್. ಅದರಲ್ಲಿ ಒಂದಕ್ಕೊಂದು ಅದಲುಬದಲಾಗುವುದು ಜೈಗ್ಯಾಂಟಿಯಾ ಮತ್ತು ಪ್ರೊಸೆರಾ. ನೇರಳೆ ಹೂ ಬಿಟ್ಟರೆ ಒಂದು ಜಾತಿ, ಬಿಳಿ ಬಿಟ್ಟರೆ ಇನ್ನೊಂದು ಅಂತ ತುಂಬಾ ಜನ ಬರೆದುಬಿಡುತ್ತಾರೆ. ಅದು ಸರಿಯಲ್ಲ. ಜೈಗ್ಯಾಂಟಿಯಾದಲ್ಲಿ ತಿಳಿ ನೇರಳೆಯೂ ಉಂಟು, ಅಚ್ಚ ಬಿಳಿಯೂ ಉಂಟು.

ಮೊದಲು ಎಸಳು ಹೇಗೆ ನಿಂತಿದೆ ನೋಡಿ. ಜೈಗ್ಯಾಂಟಿಯಾದ ಐದು ಎಸಳೂ ಅಗಲವಾಗಿ ಹರಡಿಕೊಂಡು, ಹೂ ಬಲಿತ ಹಾಗೆ ಹಿಂದಕ್ಕೆ ಮಡಚಿಕೊಳ್ಳುತ್ತವೆ, ಬಣ್ಣ ಎಸಳಿನ ತುಂಬ ಹೆಚ್ಚುಕಡಿಮೆ ಒಂದೇ. ಪ್ರೊಸೆರಾದ್ದು ಹೂ ಚಿಕ್ಕದು, ಎಸಳು ಮೇಲ್ಮುಖ, ಬುಡ ಬೆಳ್ಳಗೆ, ತುದಿಗೆ ಮಾತ್ರ ಗಾಢ ನೇರಳೆ. ಬಣ್ಣ ಅದ್ದಿ ತೆಗೆದ ಹಾಗೆ! ಮೊಗ್ಗೂ ಸಹಾಯ ಮಾಡುತ್ತದೆ: ಮೊದಲನೆಯದರದ್ದು ಸ್ವಲ್ಪ ಉದ್ದ, ಎರಡನೆಯದರದ್ದು ಗುಂಡಗೆ.

ಇನ್ನೂ ಅನುಮಾನ ಇದ್ದರೆ ಲೆನ್ಸ್ ಹಿಡಿಯಿರಿ. ಹೂವಿನ ನಡುವೆ ಐದು ಮೂಲೆಯ ಕಂಬ, ಅದರ ಸುತ್ತ ಐದು ದಪ್ಪ ಹಾಲೆಗಳ ಕಿರೀಟ ಇರುತ್ತದೆ. ಜೈಗ್ಯಾಂಟಿಯಾದಲ್ಲಿ ಈ ಹಾಲೆಗಳು ಕಂಬಕ್ಕಿಂತ ತುಸು ಗಿಡ್ಡ, ತುದಿಯ ಹತ್ತಿರ ಎರಡು ಪುಟ್ಟ ಕಿವಿ. ಪ್ರೊಸೆರಾದಲ್ಲಿ ಕಂಬದಷ್ಟೇ ಎತ್ತರ. ನನ್ನ ಪ್ರಕಾರ ಒಣಗಿದ ಮಾದರಿಯಲ್ಲಿ ಬಣ್ಣಕ್ಕಿಂತ ಇದೇ ಜಾಸ್ತಿ ನಂಬಿಕೆಗೆ ಅರ್ಹ.

ಲೆನ್ಸ್ ಕೈಯಲ್ಲಿದ್ದಾಗಲೇ ಇನ್ನೊಂದು ನೋಡಿಬಿಡಿ, ಇದು ಎರಡಕ್ಕೂ ಒಂದೇ. ಕಂಬದ ಮೂಲೆಯಲ್ಲಿರುವ ಕಪ್ಪು ಚುಕ್ಕೆಯನ್ನು ಸೂಜಿಯಿಂದ ಮೆಲ್ಲಗೆ ಎತ್ತಿದರೆ ಎರಡು ಹಳದಿ ಚೀಲ ಜೋತಾಡುತ್ತಾ ಬರುತ್ತವೆ. ಪರಾಗ ಪುಡಿಯಾಗಿ ಉದುರುವುದಿಲ್ಲ, ಈ ಚೀಲಗಳಲ್ಲೇ ಗಂಟಾಗಿರುತ್ತದೆ. ದೊಡ್ಡ ಕಪ್ಪು ದುಂಬಿಯ ಕಾಲು ಸಂದಿಗೆ ಸಿಕ್ಕಿ ಎಳೆದಾಗ ಜೋಡಿ ಚೀಲ ಸಮೇತ ಹೊರಟುಬಿಡುತ್ತದೆ. ಹಳೆಯ ಪುಸ್ತಕಗಳು ಇವನ್ನು ಆಸ್ಕ್ಲೆಪಿಯಡೇಸಿ ಅಂತ ಬೇರೆ ಕುಟುಂಬಕ್ಕೆ ಸೇರಿಸಿದ್ದೂ ಮುಖ್ಯವಾಗಿ ಇಂಥ ಹೂರಚನೆ ನೋಡಿಯೇ. ಈಗ ಅದು ಅಪೊಸೈನೇಸಿಯ ಒಳಗಿನ ಉಪಕುಟುಂಬ.

ನೆಲೆಯ ವಿಷಯ ಚಿಕ್ಕದು. ಜೈಗ್ಯಾಂಟಿಯಾ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ್ದು. ಪ್ರೊಸೆರಾ ಆಫ್ರಿಕಾದಿಂದ ಅರೇಬಿಯಾ ದಾಟಿ ಭಾರತದವರೆಗಿನ ಒಣ ನಾಡಿನದ್ದು, ಆಸ್ಟ್ರೇಲಿಯಾ ಮತ್ತು ಬ್ರೆಜಿಲ್‌ಗೆ ಹೋಗಿ ಕಳೆಯಾಗಿ ಕೂತಿದೆ. ಎರಡು ಜಾತಿಯೂ ಒಂದೇ ಕಡೆ ಬೆಳೆಯುವ ಊರುಗಳಿವೆ, ಹಾಗಾಗಿ ಸುಮ್ನೆ ಜಾಗ ನೋಡಿ ಹೆಸರು ಬರೆಯಬೇಡಿ.

ಹೂ ಕಿತ್ತ ಕೂಡಲೇ ಹಾಲು ಸುರಿಯುತ್ತದೆ. ಎರಡರದ್ದೂ ವಿಷ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಮಂಜಾಗಬಹುದು. ಕೈ ತೊಳೆದ ಮೇಲೆ ಲೆನ್ಸ್ ಕಣ್ಣಿಗೆ ಹಿಡಿಯಿರಿ.